ಉಳುಕಿದ ಪಾದಕ್ಕೆ ವಿಶ್ರಾಂತಿ, ಉಳಿದ ಮೈಗೆ ಕೆಲಸ

ಧಾರವಾಡದ ಮೈದಾನವೊಂದರಲ್ಲಿ ವಾಲಿಬಾಲ್ ಆಡುವಾಗ ಬ್ಲಾಕ್ ಮಾಡಲು ಹಾರಿದವನು ಎದುರಾಳಿಯ ಬೂಟಿನ ಮೇಲೆ ಇಳಿದೆ. ಬಲ ಪಾದ ಒಳಕ್ಕೆ ಹೊರಳಿತು. ಮನೆ ಮುಟ್ಟುವಷ್ಟರಲ್ಲಿ ಪಾದ ಕಾಲಿಗೆ ಸೇರುವ ಹರಡಿನ ಹೊರಗಿನ ಗಿಣ್ಣು ನಿಂಬೆಹಣ್ಣಿನಷ್ಟು ಊದಿತ್ತು. ಆ ರಾತ್ರಿಯೇ ಓಣಿಯ ಸಲಹೆಗಳು ಬಂದವು: ಎಣ್ಣೆ ಹಚ್ಚಿ ತಿಕ್ಕಿಸು, ಉಳುಕು ತೆಗೆಸು, ತಿಂಗಳವರೆಗೆ ಹಾಸಿಗೆ ಬಿಟ್ಟು ಏಳಬೇಡ. ಕೊನೆಯದನ್ನು ಚಾಚೂ ತಪ್ಪದೆ ಪಾಲಿಸಿದೆ. ನಾಲ್ಕು ವಾರ ಮಲಗಿ ಗ್ಲೂಕೋಸ್ ನೀರು, ಬಾಟಲಿ ಜ್ಯೂಸು ಕುಡಿದೆ. ಎದ್ದಾಗ ಊತ ಇಳಿದಿತ್ತು, ನಿಜ. ಆದರೆ ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ಕಣ್ಣಿಗೆ ಕಾಣುವಷ್ಟು ಸೊರಗಿತ್ತು. ಚಿಗರಿ ಬಸ್ ನಿಲ್ದಾಣದ ಸಣ್ಣ ಇಳಿಜಾರು ಹತ್ತಲೂ ಏದುಸಿರು ಬಂತು.

ಎರಡು ವರ್ಷದ ನಂತರ ಅದೇ ಪಾದ ಮತ್ತೆ ಉಳುಕಿತು. ಆಗ ಬೇರೆ ದಾರಿ ಹಿಡಿದೆ. ಇಲ್ಲಿ ಬರೆಯುತ್ತಿರುವುದು ಆ ದಾರಿಯನ್ನು. ಉದಾಹರಣೆ ಹರಡಿನ ಉಳುಕಿನದು, ಏಕೆಂದರೆ ಕಬಡ್ಡಿ, ಖೋ ಖೋ, ಹಾಕಿ, ಶಟಲ್ ಯಾವುದನ್ನೇ ಆಡುವವರಿಗೂ ಇದು ತಪ್ಪಿದ್ದಲ್ಲ. ಮೊಣಕಾಲು, ಭುಜದ ಪೆಟ್ಟಿಗೆ ವ್ಯಾಯಾಮ ಬೇರೆ. ಚೇತರಿಕೆಗೆ ಏನು ಕುಡಿಯಬೇಕೆಂಬ ವಿಚಾರ ಮಾತ್ರ ಎಲ್ಲಕ್ಕೂ ಒಂದೇ.

ಮೊದಲು ನಾಲ್ಕು ಹೆಜ್ಜೆ

ಪೆಟ್ಟು ಬಿದ್ದ ಕೂಡಲೇ ತಿಳಿಯಬೇಕಾದದ್ದು ಇದು ಬರೀ ಉಳುಕೋ, ಎಲುಬು ಮುರಿದಿದೆಯೋ ಎಂಬುದು. 1990ರ ದಶಕದ ಆರಂಭದಲ್ಲಿ ಕೆನಡಾದ ಒಟ್ಟಾವಾದ ವೈದ್ಯರು ಇದಕ್ಕೊಂದು ಸರಳ ಪರೀಕ್ಷೆ ರೂಪಿಸಿದರು. ಜಗತ್ತಿನಾದ್ಯಂತ ತುರ್ತು ಚಿಕಿತ್ಸಾ ಕೊಠಡಿಗಳಲ್ಲಿ ಇಂದಿಗೂ ಅದನ್ನು ಬಳಸುತ್ತಾರೆ. ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಭಾರ ಊರಿ ನಡೆಯಲು ಬರುತ್ತದೆಯೇ? ಹರಡಿನ ಎರಡೂ ಬದಿಯ ಗಿಣ್ಣಿನ ಹಿಂಭಾಗವನ್ನು, ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಎಲುಬನ್ನು, ಒಳ ಬದಿಯಲ್ಲಿ ಗಿಣ್ಣಿನ ಮುಂದಿರುವ ಎಲುಬನ್ನು ಬೆರಳಿನಿಂದ ಒತ್ತಿದರೆ ಚುಚ್ಚಿದಂತೆ ನೋಯುತ್ತದೆಯೇ? ನಡೆಯಲು ಆಗದಿದ್ದರೆ, ಅಥವಾ ಎಲುಬಿನ ಮೇಲೆಯೇ ನೋವಿದ್ದರೆ, ಎಕ್ಸ್‌ರೇ ಆಗಲೇಬೇಕು. ಪಾದ ಮರಗಟ್ಟಿದರೆ, ಸೊಟ್ಟಗೆ ಕಂಡರೆ ಕಾಯುವ ಮಾತೇ ಇಲ್ಲ.

ತಿಕ್ಕಿಸುವ ಬಗ್ಗೆ ಕೈಮುಗಿದು ಕೇಳಿಕೊಳ್ಳುತ್ತೇನೆ: ಮೊದಲ ಮೂರು ದಿನ ಬೇಡ. ಉಳುಕು ಎಂದರೆ ಎಲುಬಿಗೆ ಎಲುಬನ್ನು ಕಟ್ಟಿಟ್ಟ ಹುರಿ, ಅಂದರೆ ಅಸ್ಥಿರಜ್ಜು, ಎಳೆದುಕೊಂಡಿದೆ ಅಥವಾ ಅರ್ಧ ಹರಿದಿದೆ ಎಂದರ್ಥ. ಹರಿದ ಹುರಿಯನ್ನು ಜಗ್ಗಿದರೆ ಅದು ಕೂಡುವುದಿಲ್ಲ, ಒಳಗೆ ರಕ್ತಸ್ರಾವ ಹೆಚ್ಚುತ್ತದೆ. ಸುಣ್ಣ ಬೆರೆಸಿದ ಅರಿಶಿನದ ಲೇಪದಿಂದ ಚರ್ಮದಲ್ಲಿ ಬೊಬ್ಬೆ ಎದ್ದವರನ್ನೂ ನೋಡಿದ್ದೇನೆ.

ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಮೇಲಕ್ಕೆ ಸುತ್ತಿ. ಬೆರಳು ನೀಲಿಗಟ್ಟಿದರೆ, ಜುಮ್ಮೆಂದರೆ ಸಡಿಲಿಸಿ. ಕೂತಾಗ, ಮಲಗಿದಾಗ ಪಾದ ಎದೆಗಿಂತ ಎತ್ತರದಲ್ಲಿರಲಿ, ಎರಡು ತಲೆದಿಂಬು ಸಾಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ನೋವು ತಗ್ಗುತ್ತದೆ, ಅದರಿಂದ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಎತ್ತರ ಎಂಬ ನಾಲ್ಕರ ಸೂತ್ರವನ್ನು 1978ರಲ್ಲಿ ಹೇಳಿದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಮಂಜುಗಡ್ಡೆಯಾಗಲಿ, ಪೂರ್ತಿ ವಿಶ್ರಾಂತಿಯಾಗಲಿ ಗುಣವಾಗುವುದನ್ನು ನಿಧಾನಿಸಬಹುದು ಎಂದು ನಂತರ ಸ್ವತಃ ಅವರೇ ಬರೆದರು. ಊತವೂ ಮೈ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವ ಕೆಲಸದ ಒಂದು ಭಾಗ.

ಲೋಟದಲ್ಲಿ ಏನಿರಬೇಕು

ಕಾಲಿಗೆ ಕೆಲಸ ನಿಂತರೆ ಸ್ನಾಯು ಕರಗಲು ವಾರಗಳು ಬೇಡ. ಐದು ದಿನ ಕಾಲನ್ನು ಅಲುಗಾಡಿಸದೆ ಕಟ್ಟಿಟ್ಟರೆ ತೊಡೆಯ ಸ್ನಾಯುವಿನ ಗಾತ್ರ ಅಳತೆಗೆ ಸಿಗುವಷ್ಟು ಇಳಿಯುತ್ತದೆ, ಬಲವಂತೂ ಇನ್ನೂ ಹೆಚ್ಚು ಕುಸಿಯುತ್ತದೆ. ಅದನ್ನು ತಡೆಯಲು ಬೇಕಾದದ್ದು ಪ್ರೋಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಸಾಕು. ಗಾಯದಿಂದ ಚೇತರಿಸಿಕೊಳ್ಳುವ ಆಟಗಾರರಿಗೆ ಕ್ರೀಡಾ ಪೋಷಣೆಯ ತಜ್ಞರು ಹೇಳುವುದು ಸುಮಾರು ಅದರ ಇಮ್ಮಡಿ, 1.6 ಗ್ರಾಂ ಅಥವಾ ಇನ್ನೂ ಸ್ವಲ್ಪ ಹೆಚ್ಚು. 60 ಕಿಲೋ ತೂಕದವರಿಗೆ ಲೆಕ್ಕ 50 ಗ್ರಾಂನಿಂದ 96ಕ್ಕೆ ಏರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಈಗ ನಾನು ಕುಡಿದ ಬಾಟಲಿ ಜ್ಯೂಸಿನ ಕಡೆ ನೋಡಿ. ಪ್ರೋಟೀನ್ ಹೆಚ್ಚುಕಡಿಮೆ ಸೊನ್ನೆ. ಅರ್ಧ ಲೀಟರ್ ಕೋಲಾದಲ್ಲಿ ಸಕ್ಕರೆ 50 ಗ್ರಾಂ ಆಸುಪಾಸು, ಅಂದರೆ ಹತ್ತಕ್ಕೂ ಹೆಚ್ಚು ಚಹಾ ಚಮಚ. ಬಿಸಿಲಿನಲ್ಲಿ ಎರಡು ಗಂಟೆ ಓಡಿದವರಿಗೆ ಗ್ಲೂಕೋಸ್ ನೀರು ಉಪಯೋಗಕ್ಕೆ ಬರುತ್ತದೆ. ಮಂಚದ ಮೇಲಿರುವವರಿಗೆ ಅದು ಹೊಟ್ಟೆಯ ಸುತ್ತಳತೆಯನ್ನಷ್ಟೇ ಹೆಚ್ಚಿಸುತ್ತದೆ.

ನನ್ನನ್ನು ಕಾಪಾಡಿದ್ದು ಅಡುಗೆಮನೆಯ ಪುಠಾಣಿ. ಚುರುಮುರಿಗೆ ಪುಡಿ ಮಾಡಿ ಬೆರೆಸುವ ಅದೇ ಹುರಿಗಡಲೆ. ಒಂದು ಹಿಡಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ತರಿ ಉಳಿದರೆ ಗಂಟಲಿಗೆ ಒರಟಾಗುತ್ತದೆ. ಒಂದು ಬಟ್ಟಲು ಗಟ್ಟಿ ಮೊಸರಿಗೆ, ಸುಮಾರು 150 ಗ್ರಾಂ, ಮೂರು ದೊಡ್ಡ ಚಮಚ ಹಿಟ್ಟು ಹಾಕಿ ಮೊದಲು ನೀರಿಲ್ಲದೆ ಕಲಸಿ. ನೀರು ಮೊದಲೇ ಸುರಿದರೆ ಹಿಟ್ಟು ಗಂಟುಗಟ್ಟುತ್ತದೆ. ಬಜ್ಜಿಯ ಹಿಟ್ಟಿನ ಹದಕ್ಕೆ ಬಂದ ಮೇಲೆ ಒಂದು ಲೋಟ ನೀರು, ಚಿಟಿಕೆ ಉಪ್ಪು, ಜಜ್ಜಿದ ಶುಂಠಿ, ಹುರಿದ ಜೀರಿಗೆಯ ಪುಡಿ, ಹರಿದ ಕರಿಬೇವು ಹಾಕಿ ಕಡೆಗೋಲಿನಿಂದ ಕಡೆಯಿರಿ. ಈ ಲೋಟದಲ್ಲಿ ಸುಮಾರು 11 ಗ್ರಾಂ ಪ್ರೋಟೀನ್ ಇರುತ್ತದೆ. ಬೆಳಗ್ಗೆ ಒಂದು, ಸಂಜೆಯ ವ್ಯಾಯಾಮದ ಬಳಿಕ ಒಂದು, ರಾತ್ರಿ ಒಂದು ಲೋಟ ಹಾಲು: ಇಷ್ಟರಲ್ಲೇ 28 ಗ್ರಾಂ ದಾಟಿತು. ಉಳಿದದ್ದು ತಟ್ಟೆಯಿಂದ ಬರಬೇಕು. ಬೇಳೆ, ಶೇಂಗಾ ಹಿಂಡಿ, ತತ್ತಿ, ತಿನ್ನುವವರಿಗೆ ಮೀನು, ಕೋಳಿ.

ನಮ್ಮ ಮನೆಗಳ ತೆಳು ಮಜ್ಜಿಗೆಯನ್ನು ಇದಕ್ಕೆ ಬದಲಿ ಎಂದು ತಿಳಿಯಬೇಡಿ. ಬಾಯಾರಿಕೆಗೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಅದರಲ್ಲಿರುವುದು ಬಹುಪಾಲು ನೀರು. ಕಟ್ಟಿನ ಸಾರಿನ ಕಥೆಯೂ ಅಷ್ಟೇ: ಬಸಿದ ಕಟ್ಟನ್ನು ಮಾತ್ರ ಕುಡಿದು ಬೇಳೆಯನ್ನು ಬಿಟ್ಟರೆ ಪ್ರೋಟೀನ್ ಪಾತ್ರೆಯಲ್ಲೇ ಉಳಿಯುತ್ತದೆ. ಎಲುಬು ಕೂಡಲು ಕಾಲು ಸೂಪು ಕುಡಿಸುವ ರೂಢಿಯಿದೆ. ರುಚಿಗೆ ಕುಡಿಯಿರಿ, ಆದರೆ ಎಲುಬು ಕುದಿಸಿದ ನೀರಿಗೆ ಇಳಿಯುವ ಕ್ಯಾಲ್ಸಿಯಂ ತೀರಾ ಕಡಿಮೆ. ಒಂದು ಲೋಟ ಹಾಲಿನಲ್ಲಿ 200 ಮಿಲಿಗ್ರಾಂ ಮೀರಿ ಇರುತ್ತದೆ. 30 ಗ್ರಾಂ ರಾಗಿಯ ಅಂಬಲಿಯಿಂದ ಸುಮಾರು 100 ಸಿಗುತ್ತದೆ. ಜೋಳದ ನುಚ್ಚಿನಲ್ಲಿ ಕ್ಯಾಲ್ಸಿಯಂ ಅಷ್ಟಿಲ್ಲ, ಆದರೂ ಗಟ್ಟಿ ಮಜ್ಜಿಗೆ ಸುರಿದ ನುಚ್ಚು ಹಸಿವು ಸತ್ತ ದಿನಗಳಲ್ಲಿ ಗಂಟಲಿಗೆ ಹಿತವಾಗಿ ಇಳಿಯುತ್ತದೆ.

ಹರಿದ ಹುರಿ ಕೂಡಲು ಮೈ ಕೊಲಾಜೆನ್ ಎಂಬ ಪ್ರೋಟೀನಿನ ಎಳೆ ನೇಯಬೇಕು, ಅದಕ್ಕೆ ಸಿ ಜೀವಸತ್ವ ಇಲ್ಲದೆ ನಡೆಯದು. ಧಾರವಾಡದ ಪೇರಲ ಹಣ್ಣು ಸಿಗುವ ಕಾಲವಾದರೆ ಬೇರೇನೂ ಬೇಡ. ಒಂದು ಹಣ್ಣಿನಲ್ಲೇ ದಿನದ ಅಗತ್ಯಕ್ಕಿಂತ ಹೆಚ್ಚಿದೆ. ಅದನ್ನು ಜ್ಯೂಸು ಮಾಡದೆ ಕಚ್ಚಿ ತಿನ್ನಿ. ಇಲ್ಲದ ಕಾಲದಲ್ಲಿ ನಿಂಬೆ ನೀರು, ನೆಲ್ಲಿಕಾಯಿ ರಸ.

ಎಳನೀರು ಒಳ್ಳೆಯದು, ಅದರಲ್ಲಿ ಪೊಟ್ಯಾಸಿಯಂ ಇದೆ, ಪ್ರೋಟೀನ್ ಇಲ್ಲ. ಮೂತ್ರಪಿಂಡದ ರೋಗಿಗಳಿಗೆ ಅದೇ ಪೊಟ್ಯಾಸಿಯಂ ಅಪಾಯ. ಅರಿಶಿನದ ಹಾಲನ್ನು ಅಜ್ಜಿಯ ಪ್ರೀತಿಗಾಗಿ ಕುಡಿಯಿರಿ, ಹಾಲಿನ ಲಾಭವಂತೂ ಇದ್ದೇ ಇದೆ. ಊತ ತಗ್ಗಿಸುತ್ತದೆ ಎನ್ನುವ ಕರ್ಕ್ಯುಮಿನ್ ಎಂಬ ಅಂಶ ಅಡುಗೆಯ ಅರಿಶಿನದಲ್ಲಿ ನೂರಕ್ಕೆ ಮೂರರಷ್ಟು, ರಕ್ತಕ್ಕೆ ಸೇರುವುದು ಇನ್ನೂ ಅತ್ಯಲ್ಪ. ಚಿಟಿಕೆ ಕಾಳುಮೆಣಸು ಬೆರೆಸಿದರೆ ಹೀರಿಕೆ ಹೆಚ್ಚುತ್ತದೆ. ಮದ್ಯ ಬೇಡವೇ ಬೇಡ: ಸ್ನಾಯು ಕಟ್ಟುವ ಕೆಲಸವನ್ನೇ ಅದು ಹಿಂದಕ್ಕೆ ತಳ್ಳುತ್ತದೆ. ನೀರು ಎಷ್ಟು ಎಂದು ಕೇಳುವವರಿಗೆ, ಮೂತ್ರದ ಬಣ್ಣ ತೆಳು ಹಳದಿ ಇದ್ದರೆ ಸಾಕು. ಆಷಾಢದ ಜಿಟಿಜಿಟಿ ಮಳೆಯಲ್ಲಿ ಬಾಯಾರಿಕೆಯೇ ಆಗುವುದಿಲ್ಲ, ಆಗ ನೆನಪಿಟ್ಟು ಕುಡಿಯಬೇಕು.

ಮೈಗೆ ಕೆಲಸ

ಎರಡನೆಯ ಸಲ ಪೆಟ್ಟಾದ ಮರುದಿನವೇ ಕುರ್ಚಿಯಲ್ಲಿ ಕೂತು ಎಡಗಾಲಿಗೆ ವ್ಯಾಯಾಮ ಶುರು ಮಾಡಿದೆ. ಮನೆಯವರಿಗೆ ಅಚ್ಚರಿ: ನೋವು ಬಲಗಾಲಿಗಲ್ಲವೇ? ಒಂದು ಬದಿಯ ಕೈಗೋ ಕಾಲಿಗೋ ಕಸರತ್ತು ಕೊಟ್ಟರೆ ಇನ್ನೊಂದು ಬದಿಯ ಬಲವೂ ಉಳಿಯುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1894ರಲ್ಲೇ ಇದನ್ನು ಗುರುತಿಸಿದ್ದರು. ಸ್ನಾಯುವಿಗೆ ಆಜ್ಞೆ ಕೊಡುವ ನರಗಳು ತರಬೇತಾಗುವುದೇ ಕಾರಣ. ಜೊತೆಗೆ ನೀರು ತುಂಬಿದ ಬಾಟಲಿಗಳನ್ನು ಎತ್ತಿ ತೋಳಿಗೆ, ಅಂಗಾತ ಮಲಗಿ ಕಾಲೆತ್ತಿ ಹೊಟ್ಟೆಗೆ ಕೆಲಸ ಕೊಡಿ.

ನೋವು ತುಸು ಇಳಿದ ಮೇಲೆ, ಸಾಮಾನ್ಯವಾಗಿ ಮೂರು ನಾಲ್ಕನೇ ದಿನ, ಉಳುಕಿದ ಪಾದದ ಸರದಿ. ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಿರಿ. ಫಿಸಿಯೋಗಳು ಇಂಗ್ಲಿಷ್ ವರ್ಣಮಾಲೆ ಹೇಳಿಕೊಡುತ್ತಾರೆ. ನನಗೆ ಕನ್ನಡವೇ ಹೆಚ್ಚು ಅನುಕೂಲವಾಗಿ ಕಂಡಿತು. ನೇರ ಗೆರೆಗಳ ಅಕ್ಷರಕ್ಕಿಂತ ಅ, ಆ, ಋ, ಳ ಎಂದು ಸುರುಳಿ ಬಿಡಿಸುವಾಗ ಹರಡು ಎಲ್ಲ ದಿಕ್ಕಿಗೂ ತಿರುಗುತ್ತದೆ. ಮೊದಲ ದಿನ ಸ್ವರಗಳು ಮುಗಿಯುವಷ್ಟರಲ್ಲೇ ಸಾಕಾಯಿತು. ವಾರದೊಳಗೆ ಇಡೀ ವರ್ಣಮಾಲೆ ಎರಡು ಸಲ ಬರೆಯುವಂತಾಯಿತು.

ಎಷ್ಟು ನೋವಿನವರೆಗೆ ಮುಂದುವರಿಯಬಹುದು? ಹತ್ತರಲ್ಲಿ ಮೂರು ಅಂಕದಷ್ಟಾದರೆ ಸರಿ. ಮರುದಿನ ಬೆಳಗ್ಗೆ ಊತ ಹೆಚ್ಚಿದ್ದರೆ ಹಿಂದಿನ ದಿನ ಅತಿಯಾಯಿತು ಎಂದು ತಿಳಿದು ಅರ್ಧಕ್ಕೆ ಇಳಿಸಿ.

ಕುಂಟದೆ ನಡೆಯಲು ಬಂದಾಗ ಸಮತಟ್ಟು ದಾರಿ ಹುಡುಕಿ. ಉಣಕಲ್ ಕೆರೆಯ ಬದಿ ಅಥವಾ ಕೆಲಗೇರಿ ಕೆರೆಯ ಏರಿ, ಹತ್ತು ನಿಮಿಷದಿಂದ ಆರಂಭ. ನೃಪತುಂಗ ಬೆಟ್ಟದ ಆಸೆಯನ್ನು ಸದ್ಯಕ್ಕೆ ಬಿಡಿ, ಹತ್ತುವುದಕ್ಕಿಂತ ಇಳಿಯುವಾಗ ಹರಡಿಗೆ ಕಷ್ಟ. ಏದುಸಿರು ಬರುವಂಥ ಕಸರತ್ತಿಗೆ ನಿಂತಲ್ಲೇ ತುಳಿಯುವ ಸೈಕಲ್ ಅಥವಾ ಈಜು ಒಳ್ಳೆಯದು.

ಬಹಳ ಜನ ಬಿಟ್ಟುಬಿಡುವ ಹಂತ ಮುಂದಿನದು. ನೋವು ಹೋಯಿತು ಎಂದು ಮೈದಾನಕ್ಕೆ ಓಡುತ್ತಾರೆ, ಮತ್ತೆ ಉಳುಕಿಸಿಕೊಳ್ಳುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ಪಾದ ಎಲ್ಲಿದೆ, ಎಷ್ಟು ವಾಲಿದೆ ಎಂದು ಮಿದುಳಿಗೆ ಸುದ್ದಿ ಕಳಿಸುವ ನರತುದಿಗಳು ಆ ಹುರಿಯಲ್ಲೇ ಇವೆ. ಹುರಿ ಕೂಡಿದರೂ ಆ ಸುದ್ದಿ ತಡವಾಗಿ ತಲುಪುತ್ತದೆ. ಅದಕ್ಕೆ ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ ಬೇಕು. ನಾನು ಪುಠಾಣಿ ಮಜ್ಜಿಗೆ ಕಡೆಯುವಾಗಲೇ ಅಡುಗೆ ಕಟ್ಟೆಯ ಬದಿಗೆ ಬಲಗಾಲಲ್ಲಿ ನಿಂತೆ. ಮೊದಲು ಕಟ್ಟೆಗೆ ಒಂದು ಬೆರಳು ತಾಗಿಸಿ, ನಂತರ ಬೆರಳು ಬಿಟ್ಟು, ಆಮೇಲೆ ಕಣ್ಣು ಮುಚ್ಚಿ. ಕಣ್ಣು ಮುಚ್ಚಿದಾಗ ಹರಡಿನ ಸುತ್ತಲಿನ ಸಣ್ಣ ಸ್ನಾಯುಗಳು ಪಟಪಟ ಮಿಡಿಯುವುದು ಕಾಣುತ್ತಿತ್ತು. 30 ಸೆಕೆಂಡು ನಿಲ್ಲಲು ನನಗೆ ಹನ್ನೆರಡು ದಿನ ಹಿಡಿಯಿತು. ಜೊತೆಗೆ ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಮೊದಲು ಎರಡೂ ಕಾಲಿನಲ್ಲಿ, ಮುಂದೆ ಒಂದೇ ಕಾಲಿನಲ್ಲಿ.

ಮೈದಾನಕ್ಕೆ ಮರಳುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡಬೇಡಿ. ಪೆಟ್ಟಾದ ಕಾಲು ಇನ್ನೊಂದು ಕಾಲಿನಷ್ಟೇ ಸಲ ಹಿಮ್ಮಡಿ ಎತ್ತಬೇಕು, ಇಪ್ಪತ್ತಾದರೂ ಆಗಬೇಕು. ಒಂಟಿಕಾಲಲ್ಲಿ ಕುಂಟೆಬಿಲ್ಲೆಯಂತೆ ಮುಂದಕ್ಕೆ, ಅಡ್ಡಕ್ಕೆ ಹಾರಿ ತೂಗಾಡದೆ ನಿಲ್ಲಬೇಕು. ಎಂಟರ ಆಕಾರದಲ್ಲಿ ಓಡಿ ತಿರುಗಬೇಕು. ನನಗೆ ಇದು ಏಳನೇ ವಾರ ಸಾಧ್ಯವಾಯಿತು. ಮೊದಲ ಎರಡು ವಾರ ಬರೀ ಪಾಸು, ಸರ್ವು. ನೆಟ್ ಬಳಿ ಹಾರುವುದು ಆಮೇಲೆ, ಅದೂ ಹರಡಿಗೆ ಬ್ರೇಸ್ ಕಟ್ಟಿಕೊಂಡು. ಒಂಟಿಕಾಲಿನ ಅಭ್ಯಾಸವನ್ನು ಇಂದಿಗೂ ಬಿಟ್ಟಿಲ್ಲ, ಬೆಳಗ್ಗೆ ಹಲ್ಲುಜ್ಜುವಾಗ ಒಂದು ನಿಮಿಷ ಬಲಗಾಲು, ಒಂದು ನಿಮಿಷ ಎಡಗಾಲು.