ಪೋಡಿನ ಕಾಫಿ, ನಮ್ಮದೇ ಮುಂಗಡ

ಬಿಳಿಗಿರಿರಂಗನ ಬೆಟ್ಟದ ನಮ್ಮ ಪೋಡಿನಲ್ಲಿ, ಅಂದರೆ ಸೋಲಿಗ ಆದಿವಾಸಿಗಳ ಹಾಡಿಯಲ್ಲಿ, ನಾಲ್ಕು ಕಾಫಿ ಗಿಡವಾದರೂ ಇಲ್ಲದ ಮನೆ ಅಪರೂಪ. ಆದರೂ ಕೆಲವು ವರ್ಷಗಳ ಹಿಂದಿನವರೆಗೆ ಕಾಫಿಯ ಬೆಲೆ ಎಷ್ಟೆಂದು ನಮ್ಮಲ್ಲಿ ಯಾರೂ ವಿಚಾರಿಸುತ್ತಿರಲಿಲ್ಲ, ಏಕೆಂದರೆ ಹಣ್ಣು ಕೆಂಪಾಗುವ ಎಷ್ಟೋ ಮೊದಲೇ ಅದು ಮಾರಾಟವಾಗಿರುತ್ತಿತ್ತು. ಮಳೆಗಾಲದಲ್ಲಿ ಮನೆಯ ರಾಗಿ ಮುಗಿದಾಗ, ಮಕ್ಕಳನ್ನು ಹಾಸ್ಟೆಲಿಗೆ ಸೇರಿಸುವಾಗ, ಯಾರಿಗಾದರೂ ಕಾಯಿಲೆಯಾದಾಗ, ಕೆಳಗಿನಿಂದ ಬರುವ ವ್ಯಾಪಾರಿ ಮುಂಗಡ ಕೊಟ್ಟು ಗಿಡದ ಮೇಲಿನ ಫಸಲನ್ನು ತನ್ನದಾಗಿಸಿಕೊಳ್ಳುತ್ತಿದ್ದ. ಡಿಸೆಂಬರಿನಲ್ಲಿ ತಕ್ಕಡಿಯೂ ಅವನದೇ, ಲೆಕ್ಕವೂ ಅವನದೇ.

ಕಾಫಿಯ ಮೇಲೆ ನಾವು ಇಷ್ಟೊಂದು ನೆಚ್ಚಿಕೊಂಡದ್ದು ಹಿಂದಿನಿಂದ ಬಂದ ಪದ್ಧತಿಯಲ್ಲ. ನಮ್ಮ ಹಿರಿಯರದು ಕೊತ್ತುಕಾಡು ಬೇಸಾಯ, ಅಂದರೆ ಕಾಡಿನ ತುಂಡನ್ನು ಕಡಿದು ಬಿತ್ತಿ, ಕೆಲವು ವರ್ಷಕ್ಕೆ ಜಾಗ ಬದಲಿಸುವ ಬೇಸಾಯ. 1974ರಲ್ಲಿ ಕಾಡು ಅಭಯಾರಣ್ಯವಾದ ಮೇಲೆ ಅದು ನಿಂತು, ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಮರದ ಪಾಚಿಗಳನ್ನು ಕಾಡಿನಿಂದ ತಂದು ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಕೊಡುವುದೇ ನಮ್ಮ ಮುಖ್ಯ ಆದಾಯವಾಯಿತು. 2000ದ ದಶಕದ ಮಧ್ಯದಲ್ಲಿ ಆ ಸಂಗ್ರಹಕ್ಕೂ ನಿಷೇಧ ಬಂದಾಗ ಕೈಯಲ್ಲಿ ಉಳಿದದ್ದು ಕೂಲಿ ಮತ್ತು ಮನೆಯ ಹಿತ್ತಲಿನ ಕಾಫಿ. 2011ರಲ್ಲಿ, ಅಂದರೆ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷದಲ್ಲೇ, ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅದು ದೊಡ್ಡ ಗೆಲುವೇ ಹೌದು. ಆದರೆ ಆ ಕಾಯ್ದೆಯಡಿ ಸಿಕ್ಕ ಭೂಮಿಯನ್ನು ಮಕ್ಕಳಿಗೆ ಬಿಟ್ಟುಹೋಗಬಹುದೇ ಹೊರತು ಪರಭಾರೆ ಮಾಡುವಂತಿಲ್ಲ. ಭೂಮಿಯನ್ನು ಕಾಪಾಡುವ ಆ ನಿಯಮವನ್ನು ನಾನು ಒಪ್ಪುತ್ತೇನೆ. ಬ್ಯಾಂಕಿನ ಮೇಜಿನ ಮುಂದೆ ಕುಳಿತಾಗ ಮಾತ್ರ ಅದೇ ಅಡ್ಡಿಯಾಗುತ್ತದೆ, ಏಕೆಂದರೆ ಒತ್ತೆ ಇಡಲಾಗದ ಭೂಮಿಯ ಮೇಲೆ ಬೆಳೆಸಾಲ ಕೇಳಿದವನಿಗೆ 'ಮುಂದಿನ ವಾರ ಬನ್ನಿ' ಎಂಬ ಉತ್ತರವೇ ಸಿಗುತ್ತದೆ. ವ್ಯಾಪಾರಿ ಯಾವತ್ತೂ ಹಾಗೆ ಹೇಳಿದವನಲ್ಲ.

ನಾನು ಪದವಿ ಮುಗಿಸಿ ಊರಿಗೆ ಬಂದಾಗ ಒಳ್ಳೆಯ ಬೆಲೆ ಸಿಕ್ಕಿದರೆ ಎಲ್ಲವೂ ಸರಿಹೋಗುತ್ತದೆಂದು ನಂಬಿದ್ದೆ. ಹನ್ನೊಂದು ಮನೆಯವರನ್ನು ಸೇರಿಸಿ, ಕೆಂಪು ಹಣ್ಣನ್ನಷ್ಟೇ ಬಿಡಿಸಿ ನಾವೇ ಸಂಸ್ಕರಿಸೋಣ ಎಂದೆ. ಅರೇಬಿಕಾದಲ್ಲಿ ಸುಮಾರು ಆರು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜ ಸಿಗುತ್ತದೆ. ಹಣ್ಣನ್ನು ನೀರಿಗೆ ಹಾಕಿ ತೇಲಿದ್ದನ್ನು ತೆಗೆಯಬೇಕು, ಅದೇ ದಿನ ಸಿಪ್ಪೆ ಬಿಡಿಸಬೇಕು, ಅಂಟು ಹೋಗುವವರೆಗೆ ಹುದುಗಿಸಿ ತೊಳೆಯಬೇಕು, ಆಮೇಲೆ ಕಟ್ಟೆಯ ಮೇಲೆ ತೆಳ್ಳಗೆ ಹರಡಿ ದಿನಕ್ಕೆ ಹಲವು ಬಾರಿ ಕೈಯಾಡಿಸುತ್ತ ಒಣಗಿಸಬೇಕು. ಮೊದಲ ವರ್ಷ ನಾನು ಅವಸರಪಟ್ಟು, ಇನ್ನೂ ಹಸಿಯಿದ್ದ ಒಂದು ದಿನದ ಕಾಫಿಯನ್ನು ಒಣಗಿದ್ದರ ಜೊತೆ ಬೆರೆಸಿ ಮೂಟೆ ಕಟ್ಟಿಸಿದೆ. ಮೂರು ವಾರ ಬಿಟ್ಟು ಮೂಟೆ ಬಿಚ್ಚಿದಾಗ ಮುಗ್ಗಲು ವಾಸನೆ. ನಷ್ಟವನ್ನು ಹನ್ನೊಂದು ಮನೆಗೂ ಹಂಚಬೇಕಾಯಿತು, ಯಾರೂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಆದರೆ ಮರುವರ್ಷ ಐದು ಮನೆಗಳು ಬಿಟ್ಟುಹೋದದ್ದಕ್ಕೆ ಆ ನಷ್ಟ ಕಾರಣವಾಗಿರಲಿಲ್ಲ. ಕಾರಣವನ್ನು ನಮ್ಮ ಚಿಕ್ಕಮ್ಮನೇ ಹೇಳಿದರು: "ನೀನು ಮಾರ್ಚಿಯಲ್ಲಿ ಹೆಚ್ಚು ದುಡ್ಡು ಕೊಡ್ತೀಯ ಕಣಪ್ಪ, ಆದ್ರೆ ನಂಗೆ ಆಗಸ್ಟಲ್ಲಿ ಅಕ್ಕಿ ಬೇಕು." ನಾನು ಹಿಡಿದದ್ದು ಬೆಲೆಯ ತುದಿಯನ್ನು, ಗಂಟು ಇದ್ದದ್ದು ಇನ್ನೊಂದು ತುದಿಯಲ್ಲಿ. ವ್ಯಾಪಾರಿ ನಿಜವಾಗಿ ಮಾರುತ್ತಿದ್ದ ಸರಕು ಸಮಯ.

ಅಲ್ಲಿಂದ ಕೆಲಸದ ಕ್ರಮವನ್ನೇ ತಿರುಗಿಸಿದೆವು. ಹೆಂಗಸರ ಸ್ವಸಹಾಯ ಸಂಘಕ್ಕೆ ಒತ್ತೆಯಿಲ್ಲದೆ ಸಾಲ ಸಿಗುತ್ತದೆ, ಅದಕ್ಕೆ ಅವರ ವಾರದ ಉಳಿತಾಯವನ್ನು ಸೇರಿಸಿ ಒಂದು ಮುಂಗಡ ನಿಧಿ ಮಾಡಿದೆವು. ಮಳೆಗಾಲದಲ್ಲಿ ಕೇಳಿದ ಮನೆಗೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯಂತೆ ಕೊಡುವುದು, ಗಿಡದಲ್ಲಿರುವ ಫಸಲಿನ ಅಂದಾಜು ಬೆಲೆಯ ಅರ್ಧವನ್ನು ಮೀರದಿರುವುದು, ಕಾಫಿ ತಂದ ದಿನ ಒಂದು ಪಾಲು ನಗದು ಕೊಟ್ಟು, ಮಾರಾಟವಾದ ಮೇಲೆ ಉಳಿದದ್ದನ್ನು ಎಲ್ಲರೆದುರು ಲೆಕ್ಕ ಓದಿ ಹಂಚುವುದು. ಅಂದಾಜು ಹಾಕುವ ಕೆಲಸವನ್ನು ನಾನು ಮಾಡಲಿಲ್ಲ, ಹೆಂಗಸರೇ ಮಾಡಿದರು. ಯಾರ ಹಿತ್ತಲಲ್ಲಿ ಎಷ್ಟು ಹಣ್ಣಾಗುತ್ತದೆಂಬುದು ಕಳೆ ಕೀಳುವವರಿಗೆ ಗೊತ್ತಿರುವಷ್ಟು ಪುಸ್ತಕ ಹಿಡಿದವನಿಗೆ ಗೊತ್ತಿರುವುದಿಲ್ಲ.

ಇಬ್ಬರು ನಮ್ಮಿಂದ ಮುಂಗಡ ಪಡೆದು ಹೊರಗೆ ಮಾರಿದರು. ದಂಡ ಹಾಕಬೇಕೆಂದು ಹುಡುಗರು ಹಟ ಹಿಡಿದರೂ ಯಜಮಾನರು ಒಪ್ಪಲಿಲ್ಲ, ಬಾಕಿಯನ್ನು ಮುಂದಿನ ಫಸಲಿಗೆ ಬರೆದುಕೊಳ್ಳಲು ಹೇಳಿದರು. ಒಬ್ಬರು ತೀರಿಸಿದರು, ಇನ್ನೊಬ್ಬರದು ಈಗಲೂ ಪುಸ್ತಕದಲ್ಲಿದೆ. ಆ ತೀರ್ಮಾನ ಸರಿಯೇ ಎಂದು ನನಗೆ ಪೂರ್ತಿ ಖಾತ್ರಿಯಿಲ್ಲ, ಆದರೆ ಬಿಟ್ಟುಹೋದ ಐದು ಮನೆಗಳಲ್ಲಿ ನಾಲ್ಕು ಮರಳಿ ಬಂದದ್ದು ಅದನ್ನು ನೋಡಿದ ಮೇಲೆಯೇ.

ಹುರಿದು ಪುಡಿ ಮಾಡಿ ನಮ್ಮದೇ ಹೆಸರಿನಲ್ಲಿ ಮಾರಿ ಎಂದು ಬೆಂಗಳೂರಿನಿಂದ ಬರುವವರು ಸಲಹೆ ಕೊಡುತ್ತಾರೆ. ಹುರಿದ ಕಾಫಿ ಬೇಗ ಸಪ್ಪೆಯಾಗುತ್ತದೆ, ಬಿಡಿ ಗಿರಾಕಿಯ ಹಣ ತಿಂಗಳುಗಟ್ಟಲೆ ತಡವಾಗುತ್ತದೆ, ಅಷ್ಟು ದಿನ ಕಾಯುವಷ್ಟು ನಿಧಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಸದ್ಯಕ್ಕೆ ಬೀಜವನ್ನೇ ಮಾರುತ್ತಿದ್ದೇವೆ. ಹಳೆಯ ವ್ಯಾಪಾರಿಯೂ ಬರುತ್ತಾನೆ, ತೂಕ ಮಾತ್ರ ನಮ್ಮ ತಕ್ಕಡಿಯಲ್ಲಿ.