ಲೆಕ್ಕದ ಚೀಲ ಮತ್ತು ಎಂಟು ದಿನ

ಬಳ್ಳಾರಿಯಲ್ಲಿ ಡಿ.ಎಡ್. ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು ನಾವು ಐವರು. ಈಗ ಐವರೂ ಸರಕಾರಿ ಶಾಲೆಯ ಟೀಚರುಗಳು, ಒಬ್ಬೊಬ್ಬರು ಒಂದೊಂದು ಊರಲ್ಲಿ. 2024ರ ದಸರಾ ರಜೆಯಲ್ಲಿ ಎಂಟು ದಿನ ಒಟ್ಟಿಗೆ ತಿರುಗಿದ್ದು ಮಾತ್ರ ನಾಲ್ವರು. ಐದನೆಯವಳ ವಿಷಯ ಮೊದಲು ಹೇಳಿಬಿಡುತ್ತೇನೆ.

ಅದಕ್ಕೂ ಆರು ವರ್ಷ ಹಿಂದೆ ಐವರೂ ಗೋಕರ್ಣಕ್ಕೆ ಹೋಗಿದ್ದೆವು. ಒಬ್ಬಳು ಚಹಾದ ದುಡ್ಡು ಕೊಡುವುದು, ಇನ್ನೊಬ್ಬಳು ಆಟೋದ್ದು, ಯಾರಾದರೂ ಕೇಳಿದರೆ "ಆಮ್ಯಾಲೆ ನೋಡಿದ್ರಾತು ಬಿಡ್ ಬೇ". ವಾಪಸ್ಸು ಬರುವ ರಾತ್ರಿ ಬಸ್ಸಿನಲ್ಲಿ ಸಿಂಧನೂರಿನವಳು ಪರ್ಸಿನಿಂದ ಮಡಚಿದ ಚೀಟಿ ತೆಗೆದು ಎಲ್ಲರ ಬಾಕಿ ಓದಿದಳು. ನನ್ನದು 340 ರೂಪಾಯಿ. "ಇಷ್ಟಕ್ಕೂ ಲೆಕ್ಕ ಬರದೀಯಾ ತಾಯಿ!" ಎಂದು ನಾನು ನಕ್ಕೆ, ಉಳಿದವರೂ ನಕ್ಕರು. ಆಮೇಲೆ ಅವಳ ಫೋನೇ ಇಲ್ಲ. ಗೋಕರ್ಣದ ನಾಲ್ಕು ದಿನವೂ ಕೌಂಟರಿನ ಮುಂದೆ ದುಡ್ಡು ಕೊಡಲು ಮೊದಲು ಕೈ ಚಾಚಿದವಳು ಅವಳೇ ಅನ್ನುವುದು ಎಷ್ಟೋ ತಿಂಗಳ ನಂತರ ನನಗೆ ಹೊಳೆಯಿತು.

ಹಾಗಾಗಿ ಈ ಸಲ ಊರು ಯಾವುದು ಎಂದು ಮಾತಾಡುವ ಮೊದಲೇ ದುಡ್ಡಿನ ಮಾತಾಡಿದೆವು. ತಲೆಗೆ 5,000, ಒಟ್ಟು 20,000 ರೂಪಾಯಿ, ಒಂದು ಜಿಪ್ಪಿನ ಚೀಲ, ಅದು ಕೊಪ್ಪಳದವಳ ಕೈಗೆ. ಚಹಾ, ಲಾಡ್ಜು, ಟಂಟಂ ಆಟೋ, ಹುಂಡಿಗೆ ಹಾಕುವ ಹತ್ತು ರೂಪಾಯಿ, ಎಲ್ಲ ಅದರಿಂದಲೇ. ಸೀರೆ, ಬಳೆ, ಮಕ್ಕಳಿಗೆ ತರುವ ಸಾಮಾನು ಅವರವರ ದುಡ್ಡು. ರಾತ್ರಿ ಮಲಗುವ ಮೊದಲು ಚೀಲದವಳು ಆ ದಿನದ ಖರ್ಚನ್ನು ಗಟ್ಟಿಯಾಗಿ ಓದಬೇಕು. ಇದಕ್ಕಿಂತ ಉಪಯೋಗಕ್ಕೆ ಬಂದ ವಿದ್ಯೆ ಇನ್ನೊಂದಿಲ್ಲ.

ಎರಡನೇ ಜಗಳ ಕಾರೋ ಬಸ್ಸೋ ಎಂಬುದು. ಸಿರುಗುಪ್ಪದವಳಿಗೆ ಕಾರೇ ಬೇಕಿತ್ತು. ಆದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾದಾ ಬಸ್ಸು, ಎಕ್ಸ್‌ಪ್ರೆಸ್ ಬಸ್ಸು ಎರಡೂ ಉಚಿತ. ಕಂಡಕ್ಟರಿಗೆ ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್ ಹರಿದು ಕೊಡುತ್ತಾರೆ. ಚೀಲ ಉಳಿಯಲಿ ಎಂದೇ ಬಸ್ಸು ಹತ್ತಿದ್ದು, ಲಾಭ ಬೇರೆಯೇ ಇತ್ತು. ಕಾರಿನಲ್ಲಾದರೆ ನಾಲ್ವರೂ ಒಬ್ಬರ ಮೊಣಕೈಗೆ ಒಬ್ಬರು ತಾಗಿ ಕೂತು ಮಾತಾಡಲೇಬೇಕು. ಬಸ್ಸಿನಲ್ಲಿ ಒಬ್ಬಳಿಗೆ ಮುಂದೆ ಸೀಟು, ಇನ್ನೊಬ್ಬಳಿಗೆ ಕೊನೆಯಲ್ಲಿ. ಎರಡು ತಾಸು ಕಿಟಕಿ ನೋಡುತ್ತ ಸುಮ್ಮನೆ ಕೂರಬಹುದು. ಕ್ಲಾಸಿನಲ್ಲಿ ದಿನವಿಡೀ ಗಂಟಲು ಹರಿದುಕೊಳ್ಳುವವರಿಗೆ ಅದೇ ಅರ್ಧ ರಜೆ.

ಬನ್ನಿ ಹಂಚಿ ಮರುದಿನ ಹೊರಟೆವು. ಹಬ್ಬದ ಮನೆ ಬಿಟ್ಟು ಮೊದಲೇ ಹೊರಟಿದ್ದರೆ ಅತ್ತೆಯಂದಿರಿಗೆ ಎಂಟು ದಿನವೂ ಫೋನಿನಲ್ಲಿ ಉತ್ತರ ಕೊಡುತ್ತಿರಬೇಕಾಗಿತ್ತು. ಮೊದಲು ಹುಲಿಗಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋದರೆ ಹುಲಿಗೆಮ್ಮನ ದರ್ಶನ ಸಲೀಸು. ಪಕ್ಕದ ಮುನಿರಾಬಾದಿನಲ್ಲಿ ತುಂಗಭದ್ರೆಯ ಅಣೆಕಟ್ಟು. ಅದೇ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋಗಿ, ಈ ಸೀಮೆಯ ಭತ್ತದವರೆಲ್ಲ ನಿದ್ದೆಗೆಟ್ಟಿದ್ದರು. ನಾವು ಹೋಗುವ ಹೊತ್ತಿಗೆ ನೀರು ಮತ್ತೆ ನಿಂತಿತ್ತು. ಗಂಡನ ಮನೆಯಲ್ಲಿ ಹತ್ತೆಕರೆ ಗದ್ದೆ ಇರುವ ಸಿರುಗುಪ್ಪದವಳು ಅಲ್ಲಿಂದ ಏಳಲೇ ಇಲ್ಲ.

ಆನೆಗೊಂದಿಯಲ್ಲಿ ಮೂರು ರಾತ್ರಿ. ಇಪ್ಪತ್ತು ವರ್ಷದಲ್ಲಿ ಗೆಳತಿಯರು ಎಷ್ಟು ಬದಲಾಗಿರುತ್ತಾರೆ ಎನ್ನುವುದು ಮೊದಲ ರಾತ್ರಿಯೇ ಗೊತ್ತಾಗುತ್ತದೆ. ಹಾಸ್ಟೆಲಿನಲ್ಲಿ ಒಂದರವರೆಗೆ ಹರಟುತ್ತಿದ್ದವಳು ಈಗ ಒಂಬತ್ತಕ್ಕೆ ಬಿಪಿ ಗುಳಿಗೆ ನುಂಗಿ ಲೈಟ್ ಆರಿಸು ಅನ್ನುತ್ತಾಳೆ. ಒಬ್ಬಳ ಗೊರಕೆಗೆ ಗೋಡೆ ಅದುರುತ್ತದೆ (ಆ ಒಬ್ಬಳು ನಾನೇ ಎಂದು ಉಳಿದವರ ವಾದ). ಒಬ್ಬಳಿಗೆ ಮನೆಯಿಂದ ಅರ್ಧ ತಾಸಿಗೊಮ್ಮೆ ಫೋನು: ಗುರೆಳ್ಳು ಪುಡಿ ಎಲ್ಲೈತಿ, ಗ್ಯಾಸ್ ಬುಕ್ ಮಾಡೋದು ಹೆಂಗ. ಎರಡನೇ ದಿನವೇ ಕೋಣೆ ಬದಲಿಸಿಕೊಂಡೆವು, ಬೇಗ ಮಲಗುವವರದ್ದೊಂದು, ತಡವಾಗಿ ಮಲಗುವವರದ್ದೊಂದು. ಮನೆಗೆ ಫೋನು ರಾತ್ರಿ ಎಂಟಕ್ಕೆ ಒಂದೇ ಸಲ.

ಅಂಜನಾದ್ರಿಗೆ 575 ಮೆಟ್ಟಿಲು. ಬಳ್ಳಾರಿಯವಳು "ನನ್ನ ಮೊಣಕಾಲು ಒಪ್ಪಂಗಿಲ್ಲ, ನಾ ಕೆಳಗೇ ಕೂಡ್ತೀನಿ" ಎಂದಳು. "ಏ ಬಾ ಬೇ, ಹನುಮಪ್ಪ ಹತ್ತಿಸ್ತಾನ" ಎಂದು ಎಳೆಯಲು ನನ್ನ ಕೈ ಮುಂದೆ ಹೋಗಿತ್ತು, ಚೀಲದವಳು ಕಣ್ಣು ಬಿಟ್ಟಳು. ಒಬ್ಬಳು ಒಲ್ಲೆ ಎಂದರೆ ಮತ್ತೊಮ್ಮೆ ಕೇಳುವ ಹಾಗಿಲ್ಲ ಎಂಬುದೂ ಹೊರಡುವ ಮೊದಲೇ ಆದ ಮಾತು. ಕೆಳಗಿಳಿದು ಬಂದಾಗ ಅವಳು ಒಗ್ಗರಣಿ ಮಿರ್ಚಿ ತಿಂದು ಅಂಗಡಿಯವ್ವನ ಮಗಳ ಮದುವೆಯ ಕಥೆ ಪೂರ್ತಿ ಕೇಳಿ ಮುಗಿಸಿದ್ದಳು.

ನಾಲ್ಕನೇ ದಿನ ಕೊಪ್ಪಳ ಮುಟ್ಟುವಷ್ಟರಲ್ಲಿ ನಮ್ಮ ಮಾತೆಲ್ಲ ಖಾಲಿ. ಹಳೆಯ ವಾರ್ಡನ್ನಿನ ಕಥೆ ಮೂರನೇ ಸಲ ಬಂದಿತ್ತು, ಮೂರನೇ ಸಲ ಯಾರೂ ನಗಲಿಲ್ಲ. ಐದನೇ ದಿನ ಅವರವರ ದಾರಿ ಅವರವರಿಗೆ ಎಂದು ಮೊದಲೇ ಇಟ್ಟುಕೊಂಡಿದ್ದೆವು, ಬಚಾವಾದೆವು. ಬಳ್ಳಾರಿಯವಳು ಲಾಡ್ಜಿನಲ್ಲಿ ಮಲಗಿದಳು. ಕೊಪ್ಪಳದವಳು ಗವಿಮಠಕ್ಕೆ, ಅಲ್ಲಿಂದ ತನ್ನ ಮನೆಗೇ ಹೋಗಿ ಗಿಡಕ್ಕೆ ನೀರು ಹಾಕಿ ಬಂದಳು. ಸಿರುಗುಪ್ಪದವಳು ಕಿನ್ನಾಳಕ್ಕೆ. ಚಿತ್ರಗಾರರು ಸೆಣಬಿನ ಚೂರು, ಕಟ್ಟಿಗೆ ಹೊಟ್ಟು, ಹುಣಸೆಬೀಜದ ಅಂಟು ಕೂಡಿಸಿ ಗೊಂಬೆಗೆಂದು ಮಾಡುವ 'ಕಿಟ್ಟ' ನೋಡಿಕೊಂಡು, ಎರಡು ಗೊಂಬೆ ತಂದಳು.

ನಾನು ಒಬ್ಬಳೇ ಕುಕನೂರಿಗೆ ಹೋಗಿ, ಅಲ್ಲಿಂದ ಟಂಟಂ ಹಿಡಿದು ಇಟಗಿ ಮುಟ್ಟಿದೆ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ, ಶಾಸನವೇ ಅದನ್ನು 'ದೇವಾಲಯ ಚಕ್ರವರ್ತಿ' ಎನ್ನುತ್ತದೆ. ಮಕ್ಕಳಿಗೆ ಎಷ್ಟು ಸಲ ಈ ಹೆಸರು ಬಾಯಿಪಾಠ ಮಾಡಿಸಿದ್ದೇನೋ. ಕಣ್ಣಾರೆ ನೋಡಿದ್ದು ಅವತ್ತೇ. ಕಂಬದ ನೆರಳಲ್ಲಿ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದೆ. ಯಾರಿಗೂ ನೀರು ಬೇಕಾ, ಫೋಟೋ ತೆಗೀಲಾ ಎಂದು ಕೇಳುವುದಿರಲಿಲ್ಲ. ಮದುವೆಯಾದ ಮೇಲೆ ಇಡೀ ಹಗಲು ಒಬ್ಬಳೇ ಇದ್ದದ್ದು ಅದೇ ಮೊದಲು ಅನ್ನುವುದು ಟಂಟಂನಲ್ಲಿ ವಾಪಸ್ಸು ಕೂತಾಗ ಲೆಕ್ಕಕ್ಕೆ ಬಂತು. ಆ ರಾತ್ರಿ ಊಟಕ್ಕೆ ಕೂತರೆ ಎಲ್ಲರೂ ಒಟ್ಟಿಗೇ ಬಾಯಿ ಬಿಟ್ಟೆವು.

ಆರನೇ ರಾತ್ರಿ ತಪ್ಪು ಮಾಡಿದೆವು. ಲಾಡ್ಜಿನ ದುಡ್ಡು ಉಳಿಯಲಿ ಎಂದು ಲಿಂಗಸುಗೂರಿನ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಇಳಿದೆವು. ಚಿಕ್ಕಮ್ಮ ಬಲು ಪ್ರೀತಿಯವಳು, ಪ್ರೀತಿಗೆ ತಕ್ಕಂತೆ ಹೋಳಿಗೆ ಮಾಡಿದಳು. ನಾಲ್ವರೂ ಅಡುಗೆಮನೆಯಲ್ಲಿ ಹೂರಣ ರುಬ್ಬುತ್ತ ನಿಂತೆವು. ನೆಂಟರ ಮನೆಗೆ ಹೊಕ್ಕರೆ ಗೆಳತಿ ಹೋಗಿ ಸೊಸೆ ಆಗಿಬಿಡುತ್ತೀರಿ. ದುಡ್ಡು ಹೋದರೆ ಹೋಗಲಿ, ಲಾಡ್ಜೇ ವಾಸಿ.

ಮರುದಿನ ಮಸ್ಕಿ. 1915ರಲ್ಲಿ ಬಂಗಾರದ ಗಣಿಯ ಎಂಜಿನಿಯರ್ ಬೀಡನ್ ಇಲ್ಲಿ ಕಂಡ ಬಂಡೆಗಲ್ಲಿನ ಶಾಸನದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇತ್ತು. ಬಂಗಾರ ಹುಡುಕಿದವನಿಗೆ ರಾಜ ಸಿಕ್ಕ. ಕೊನೆಗೆ ರಾಯಚೂರು, ಬೆಳಗಿನ ಬಿಸಿಲೇರುವ ಮೊದಲು ಕೋಟೆ. 1294ರ ಶಾಸನವಿರುವ, ನಲವತ್ತೊಂದು ಅಡಿಗೂ ಉದ್ದದ ಕಲ್ಲಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ನಾಲ್ವರೂ ಕೈ ಚಾಚಿ ನಿಂತರೂ ಕಲ್ಲು ಇನ್ನೂ ಅರ್ಧ ಉಳಿದಿತ್ತು.

ಬಳ್ಳಾರಿ ಬಸ್ಸು ಸಿಂಧನೂರಿನ ಮೇಲೆಯೇ ಬರುವುದು. ಮಾನ್ವಿ ದಾಟುವಾಗ ನಾನು ಫೋನು ಮಾಡಿದೆ. ಆರು ವರ್ಷದ ಮೇಲೆ ಏನು ಮಾತಾಡಬೇಕು ತಿಳಿಯದೆ, ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಲ್ಲುತ್ತೇವೆ ಎಂದಷ್ಟೇ ಹೇಳಿದೆ. "ಹ್ಞೂಂ" ಎಂದು ಇಟ್ಟಳು. ಅಷ್ಟರಲ್ಲಿ ಚೀಲದವಳು ಉಳಿದ 1,840 ರೂಪಾಯಿಯನ್ನು ತಲೆಗೆ 460ರಂತೆ ಹಂಚುತ್ತಿದ್ದಳು. ನನ್ನ ಪಾಲಿನಿಂದ 340 ಎಣಿಸಿ ಬೇರೆ ಇಟ್ಟುಕೊಂಡೆ. ಕಿನ್ನಾಳದ ಒಂದು ಗೊಂಬೆಯನ್ನು ಸಿರುಗುಪ್ಪದವಳು ತಾನಾಗಿಯೇ ತೆಗೆದು ಕೊಟ್ಟಳು.

ಸಿಂಧನೂರಿನಲ್ಲಿ ಅವಳು ಬಂದಿದ್ದಳು, ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಬಿಸಿ ಮಿರ್ಚಿ. ಕಿಟಕಿಯಿಂದ ಒಳಗೆ ಕೊಟ್ಟಳು. ನಾನು ಕೊಟ್ಟ ನೋಟುಗಳನ್ನು ಅಲ್ಲೇ ನಿಂತು ಎಣಿಸಿ, ಗೊಂಬೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೇಳಿದಳು: "ಈ ಸಲ ಲೆಕ್ಕ ಯಾರ್ ಬರದ್ರಿ?"