ಹಳೆಯ ರೋಡ್ ಸೈಕಲ್: ಅಪ್‌ಗ್ರೇಡ್ ಮಾಡುವುದೋ, ಹೊಸದು ಕೊಳ್ಳುವುದೋ?

ಗೇರು ಸರಿಯಾಗಿ ಬೀಳುತ್ತಿಲ್ಲ, ಬ್ರೇಕು ಹಿಡಿಯುತ್ತಿಲ್ಲ, ಜೊತೆಗೆ ಹೊರಟವರು ಏರಿನಲ್ಲಿ ಮುಂದೆ ಹೋಗಿಬಿಡುತ್ತಾರೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಬಿಡಿಭಾಗಗಳ ಪಟ್ಟಿ ಹಿಡಿದು ಕೂರುತ್ತಾರೆ. ಆದರೆ ಮೊದಲು ನೋಡಬೇಕಾದ್ದು ಫ್ರೇಮನ್ನು. ಉಳಿದೆಲ್ಲವನ್ನೂ ಬದಲಿಸಬಹುದು. ಫ್ರೇಮನ್ನೇ ಬದಲಿಸಿದರೆ ಅದು ಬೇರೆ ಸೈಕಲ್.

1. ಫ್ರೇಮು ಗಟ್ಟಿಯಾಗಿದೆಯೇ?

ಸೈಕಲ್ ತೊಳೆದು ಒರೆಸಿ, ಒಳ್ಳೆಯ ಬೆಳಕಿನಲ್ಲಿ ನಿಲ್ಲಿಸಿ. ಹ್ಯಾಂಡಲ್ ಕೆಳಗಿನ ಬೆಸುಗೆ, ಪೆಡಲ್ ಅಚ್ಚಿನ ಸುತ್ತಮುತ್ತ, ಹಿಂಚಕ್ರ ಕೂರುವ ಜಾಗ, ಸೀಟಿನ ಕಂಬ ಹಿಡಿಯುವ ಕಡೆ, ಎಲ್ಲವನ್ನೂ ಬೆರಳಾಡಿಸಿ ನೋಡಿ. ಉಕ್ಕಿನ ಫ್ರೇಮಿನ ಮೇಲ್ಮೈ ತುಕ್ಕಿಗೆ ಹೆದರಬೇಕಿಲ್ಲ. ಸಣ್ಣ ಬಿರುಕನ್ನೂ ಅನುಭವಿ ಬೆಸುಗೆಗಾರರು ಸರಿಮಾಡಬಲ್ಲರು. ಅಲ್ಯೂಮಿನಿಯಂನಲ್ಲಿ ಬಿರುಕು ಕಂಡರೆ ಆ ಸೈಕಲ್ ಹತ್ತುವುದನ್ನು ಅವತ್ತೇ ನಿಲ್ಲಿಸಿ. ಕಾರ್ಬನ್ ಫ್ರೇಮಿನಲ್ಲಿ ಒತ್ತಿದರೆ ಮೆತ್ತಗೆನಿಸುವ ಅಥವಾ ತಟ್ಟಿದರೆ ಮಂಕು ಸದ್ದು ಬರುವ ಜಾಗವಿದ್ದರೆ ತಜ್ಞರಿಗೆ ತೋರಿಸದೆ ಏನನ್ನೂ ಕೊಳ್ಳಬೇಡಿ.

ಸೀಟಿನ ಕಂಬ ಮೇಲೆ ಕೆಳಗೆ ಸರಿಯುತ್ತದೆಯೇ ಎಂದೂ ನೋಡಿ. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಕಂಬ ವರ್ಷಗಟ್ಟಲೆ ಅಲುಗದೆ ಉಳಿದರೆ ಕಚ್ಚಿಕೊಂಡುಬಿಡುತ್ತದೆ.

2. ಮೈಗೆ ಒಪ್ಪುತ್ತದೆಯೇ?

ಸೀಟಿನ ಎತ್ತರ ಹೊಂದಿಸಿ, ಹ್ಯಾಂಡಲ್ ಸ್ಟೆಮ್ಮನ್ನು (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) ಒಂದೆರಡು ಸೆಂಟಿಮೀಟರ್ ಉದ್ದವೋ ಗಿಡ್ಡವೋ ಮಾಡಿಕೊಂಡರೆ ನೋವು ಹೋಗುತ್ತದೆ ಎಂದಾದರೆ ಸರಿ. ಅದಕ್ಕಿಂತ ಹೆಚ್ಚು ಬೇಕೆಂದರೆ ಫ್ರೇಮಿನ ಅಳತೆಯೇ ನಿಮ್ಮದಲ್ಲ. ಇಲ್ಲಿ ನನ್ನ ಮಾತು ಖಡಾಖಂಡಿತ: ಅಳತೆ ಕೂಡದ ಸೈಕಲ್ಲಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

3. ಸವೆದದ್ದನ್ನು ಬೇರೆ ಲೆಕ್ಕದಲ್ಲಿಡಿ

ಟಯರು, ಕೇಬಲ್, ಬ್ರೇಕ್ ಶೂ, ಚೈನು ಯಾವ ಸೈಕಲ್ಲಿನಲ್ಲಾದರೂ ಸವೆಯುವಂಥವು. ಇವುಗಳ ಖರ್ಚನ್ನು ಅಪ್‌ಗ್ರೇಡ್ ಎಂದು ಬರೆದುಕೊಂಡರೆ ಲೆಕ್ಕ ತಪ್ಪುತ್ತದೆ.

ಚೈನನ್ನು ಮನೆಯಲ್ಲೇ ಅಳೆಯಬಹುದು. ಬಿಗಿಯಾಗಿ ಹಿಡಿದು, ಒಂದು ಪಿನ್ನಿನ ನಡುವೆ ಸ್ಕೇಲಿನ ಸೊನ್ನೆ ಇಟ್ಟು, ಮುಂದಿನ 24ನೆಯ ಪಿನ್ನು ಎಲ್ಲಿದೆ ನೋಡಿ. ಹೊಸ ಚೈನಿನಲ್ಲಿ ಅದು ಸರಿಯಾಗಿ 12 ಇಂಚಿನ ಗೆರೆಯ ಮೇಲಿರುತ್ತದೆ. 1/16 ಇಂಚು ದಾಟಿದ್ದರೆ ಚೈನು ಬದಲಿಸಿ. 1/8 ಇಂಚು ದಾಟಿದ್ದರೆ ಹಿಂದಿನ ಗೇರು ಹಲ್ಲುಗಳನ್ನೂ ಅದು ತಿಂದಿರುವ ಸಾಧ್ಯತೆಯೇ ಹೆಚ್ಚು.

ರಿಮ್ಮಿನಲ್ಲಿ ಬ್ರೇಕು ತಾಗುವ ಪಟ್ಟಿ ಒಳಕ್ಕೆ ತಗ್ಗಾಗಿದ್ದರೆ ಮಾತ್ರ ಖರ್ಚು ದೊಡ್ಡದು, ರಿಮ್ಮನ್ನೇ ಬದಲಿಸಬೇಕು. ಹಾಗಿಲ್ಲದಿದ್ದರೆ ಒಳ್ಳೆಯ ಟಯರು, ಹೊಸ ಕೇಬಲ್, ಹೊಸ ಬ್ರೇಕ್ ಶೂ ಹಾಕಿಸಿ ಕೆಲವು ವಾರ ಓಡಿಸಿ. ‘ಸೈಕಲ್ಲಿಗೆ ವಯಸ್ಸಾಯಿತು’ ಎಂಬ ದೂರುಗಳಲ್ಲಿ ಬಹಳಷ್ಟು ಇಷ್ಟಕ್ಕೇ ಮುಗಿಯುತ್ತವೆ.

4. ಅಳತೆ ಬರೆದುಕೊಳ್ಳಿ

ಹೊಸ ಹಿಂಚಕ್ರ ಹಿಡಿಯುತ್ತದೆಯೇ ಎಂದು ತಿಳಿಯಲು, ಈಗಿನದನ್ನು ತೆಗೆದು, ಅದು ಕೂರುವ ಎರಡು ಕಿವಿಗಳ ಒಳ ಅಂತರ ಅಳೆಯಿರಿ. ಹಳೆಯ 5 ಗೇರಿನ (ಅಂದರೆ ಹಿಂದೆ 5 ಹಲ್ಲುಚಕ್ರಗಳಿರುವ) ಫ್ರೇಮುಗಳಲ್ಲಿ ಸಾಮಾನ್ಯವಾಗಿ 120 ಮಿ.ಮೀ., 6-7 ಗೇರಿನವುಗಳಲ್ಲಿ 126, ರಿಮ್ ಬ್ರೇಕಿನ 8ರಿಂದ 11 ಗೇರಿನವುಗಳಲ್ಲಿ 130. ಉಕ್ಕಿನ ಫ್ರೇಮನ್ನು ಪಳಗಿದ ಮೆಕ್ಯಾನಿಕ್ 126ರಿಂದ 130ಕ್ಕೆ ಅಗಲಿಸಬಲ್ಲ. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮುಗಳನ್ನು ಹಾಗೆ ಬಗ್ಗಿಸಲೇಬಾರದು.

ಟಯರಿನ ಪಕ್ಕದಲ್ಲಿ 630 (ರಿಮ್ಮಿನ ಮೇಲೆ ಟಯರು ಕೂರುವ ಕಡೆಯ ವ್ಯಾಸ, ಮಿ.ಮೀ.ಗಳಲ್ಲಿ) ಎಂದಿದ್ದರೆ ಅದು ಹಳೆಯ 27 ಇಂಚಿನ ಚಕ್ರ. ಈಗಿನ 700ಸಿ ಚಕ್ರದ ಅಳತೆ 622. ಬದಲಿಸಿದರೆ ಟಯರಿನ ಆಯ್ಕೆ ಹಿಗ್ಗುತ್ತದೆ, ಆದರೆ ಬ್ರೇಕ್ ಶೂ 4 ಮಿ.ಮೀ. ಕೆಳಗಿಳಿಯಬೇಕು. ಬ್ರೇಕಿನ ತೋಳಿನ ಸೀಳಿನಲ್ಲಿ ಅಷ್ಟು ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಹೆಚ್ಚು ದುಡ್ಡು ಕರಗುವುದು ಗೇರಿನಲ್ಲಿ, ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ. ಫ್ರೇಮಿನ ಕೊಳವೆಯ ಮೇಲಿನ ಗೇರು ಲಿವರನ್ನು ಬ್ರೇಕ್ ಹಿಡಿಯ ಹತ್ತಿರ ತರಬೇಕೆಂದು ಹೊರಟರೆ ಹೊಸ ಡಿರೇಲರು (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ), ಕ್ಯಾಸೆಟ್ಟು (ಹಿಂದಿನ ಹಲ್ಲುಚಕ್ರಗಳ ಗೊಂಚಲು), ಚೈನು, ಕೆಲವೊಮ್ಮೆ ಹಿಂಚಕ್ರವೂ ಬೇಕಾಗುತ್ತದೆ. ಬಿಡಿಭಾಗ ತಯಾರಿಸುವ ಶಿಮಾನೋ ಕಂಪನಿಯ 11 ಗೇರಿನ ಹೆಚ್ಚಿನ ರೋಡ್ ಕ್ಯಾಸೆಟ್ಟುಗಳು 10 ಗೇರಿನ ಹಳೆಯ ಹಬ್ಬಿನ (ಚಕ್ರದ ನಡುಭಾಗದ) ಮೇಲೆ ಕೂರುವುದಿಲ್ಲ, ಅಗಲ 1.85 ಮಿ.ಮೀ. ಸಾಲದೆ ಬರುತ್ತದೆ. ಇದ್ದಷ್ಟೇ ಗೇರು ಇಟ್ಟುಕೊಂಡು, ಏರಿಗೆ ಹಗುರಾಗುವಂತೆ ಹಿಂದೆ ದೊಡ್ಡ ಹಲ್ಲಿನ ಚಕ್ರವಿರುವ ಕ್ಯಾಸೆಟ್ಟು ಹಾಕಿಸುವುದು ಎಷ್ಟೋ ಜಾಣತನ. ನಿಮ್ಮ ಡಿರೇಲರು ಅಷ್ಟು ಹಲ್ಲುಗಳನ್ನು ತಡೆದುಕೊಳ್ಳುತ್ತದೆಯೇ ಎಂದಷ್ಟೇ ಕೇಳಿ ತಿಳಿದುಕೊಳ್ಳಿ.

5. ಆಗದ್ದು ಯಾವುದು?

ಡಿಸ್ಕ್ ಬ್ರೇಕು ಕೂರಿಸುವ ಜಾಗ ಫ್ರೇಮಿನಲ್ಲೂ ಫೋರ್ಕಿನಲ್ಲೂ (ಮುಂಚಕ್ರ ಹಿಡಿಯುವ ಕವಲು) ಇಲ್ಲದಿದ್ದರೆ ಆ ಆಸೆ ಬಿಡಿ. 25 ಮಿ.ಮೀ. ಟಯರಿಗೇ ಇಕ್ಕಟ್ಟಾದ ಫ್ರೇಮಿನಲ್ಲಿ 32 ಹಿಡಿಯುವುದಿಲ್ಲ. ಕೆಟ್ಟ ರಸ್ತೆಗೆ ಅಗಲ ಟಯರು, ಮಳೆಗೆ ಡಿಸ್ಕ್, ಇವೆರಡೂ ನಿಮಗೆ ನಿಜಕ್ಕೂ ಬೇಕಿದ್ದರೆ ಹೊಸದನ್ನೇ ಕೊಳ್ಳಿ.

6. ಈಗ ಲೆಕ್ಕ

ಸವೆದ ಭಾಗಗಳನ್ನು ಬಿಟ್ಟು ಉಳಿದದ್ದರ ಬೆಲೆ, ಮೆಕ್ಯಾನಿಕ್ಕಿನ ಕೂಲಿ ಸೇರಿಸಿ ಕೂಡಿ. ನೀವು ಬಯಸುವಂಥ ಹೊಸ ಸೈಕಲ್ಲಿನ ಅರ್ಧ ಬೆಲೆ ದಾಟಿದರೆ ನಾನು ಅಲ್ಲಿಗೆ ನಿಲ್ಲಿಸುತ್ತೇನೆ. ಕಂಪನಿಗಳು ಭಾಗಗಳನ್ನು ಸಗಟಾಗಿ ಕೊಳ್ಳುವುದರಿಂದ ಇಡೀ ಸೈಕಲ್ ಸಾಮಾನ್ಯವಾಗಿ ಬಿಡಿಭಾಗಗಳ ಮೊತ್ತಕ್ಕಿಂತ ಅಗ್ಗ. ಹಾಕಿದ ದುಡ್ಡು ಮಾರುವಾಗ ವಾಪಸು ಬರುವುದೂ ಇಲ್ಲ. ಅದೇ ಮೊತ್ತಕ್ಕೆ ಸಿಗುವ ಸೆಕೆಂಡ್ ಹ್ಯಾಂಡ್ ಸೈಕಲ್ಲನ್ನೂ ಹೋಲಿಸಿ ನೋಡಿ.

ತೀರ್ಮಾನಕ್ಕೆ ಬರಲಾಗದಿದ್ದರೆ ಒಳ್ಳೆಯ ಸೀಟು ಮತ್ತು ಪೆಡಲ್‌ಗೆ ಮೊದಲು ಖರ್ಚು ಮಾಡಿ. ರೋಡ್ ಸೈಕಲ್ಲುಗಳ ಪೆಡಲ್ ಮರೆ (ತಿರುಪಿನ ಸುತ್ತು) ಬಹುಮಟ್ಟಿಗೆ 9/16 ಇಂಚಿನದೇ ಆಗಿರುವುದರಿಂದ ನಾಳೆ ಹೊಸ ಸೈಕಲ್ ತಂದರೂ ಎರಡನ್ನೂ ಅದಕ್ಕೆ ಹಾಕಿಕೊಳ್ಳಬಹುದು. ಬಿಚ್ಚುವಾಗ ನೆನಪಿರಲಿ, ಎಡ ಪೆಡಲ್ಲಿನ ಮರೆ ಉಲ್ಟಾ.